ಗಟ್ಟಿ ಪೆಡಲನ್ನು ಹೊಗಳಿದವರು

ನಾನು ನಿಂತಿದ್ದದ್ದು ಇಲವಾಲದಲ್ಲಿ. ಹುಣಸೂರು ರಸ್ತೆಯಿಂದ ಕವಲೊಡೆದು ಊರೊಳಕ್ಕೆ ಇಳಿಯುವ ದಾರಿಯ ತಲೆಯಲ್ಲಿ, ಟೀ ಅಂಗಡಿಯ ಬೆಂಚಿಗೂ ವ್ಯಾನಿಗೂ ನಡುವೆ, ವ್ಯಾನಿನ ಹಿಂಭಾಗಕ್ಕೆ ಮುಖ ಮಾಡಿ. ಸಂಕ್ರಾಂತಿ ಕಳೆದ ಮೊದಲ ಭಾನುವಾರ. ಬೆಳಕು ಹರಿದಿತ್ತು, ಸೂರ್ಯ ಕಂಡಿರಲಿಲ್ಲ, ತೆಳುವಾಗಿ ಮಂಜಿತ್ತು. ನನ್ನ ಕೈಯಲ್ಲಿ ಟೀ ಲೋಟವಿತ್ತು. ಅದನ್ನು ಕೆಳಗಿಟ್ಟೆನೋ ಬೀಳಿಸಿದೆನೋ ನೆನಪಿಲ್ಲ. ನೆನಪಿಲ್ಲದ್ದನ್ನು ನಾನು ಬರೆಯುವುದಿಲ್ಲ. ನೆನಪಿರುವುದು ಇಷ್ಟು: ವ್ಯಾನು ಇಳಿಜಾರಿನಲ್ಲಿ ನನ್ನಿಂದ ದೂರ ಹೋಗುತ್ತಿದ್ದಾಗ ಅದರ ಹಿಂದಿನ ಎರಡು ಕೆಂಪು ದೀಪಗಳೂ ಹತ್ತಿಕೊಂಡಿದ್ದವು. ಮೊದಲು ಹತ್ತಿರಲಿಲ್ಲ. ಗಾಡಿ ಕದಲಿ ಸ್ವಲ್ಪ ದೂರ ಹೋದ ಮೇಲೆ ಹತ್ತಿದವು. ಗೋಡೆಗೆ ಗುದ್ದುವ ತನಕ ಆರಲಿಲ್ಲ.

ಬ್ರೇಕ್ ಪೆಡಲನ್ನು ಒತ್ತಿದರೆ ಆ ದೀಪ ಉರಿಯುತ್ತದೆ. ಬಿಟ್ಟರೆ ಆರುತ್ತದೆ. ಡ್ರೈವರ್ ಜವರಪ್ಪ ಬ್ರೇಕ್ ಒತ್ತಲೇ ಇಲ್ಲ ಎಂದು ತೀರ್ಮಾನ ಮಾಡಿದವರೆಲ್ಲರಿಗೂ ಇಷ್ಟು ಗೊತ್ತಿತ್ತು.

ಬ್ರೇಕ್ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗುವಂತೆ ಏನಾದರೂ ಬರೆದುಕೊಡಿ ಎಂದು ಪರಿಚಯದ ಮೇಷ್ಟ್ರೊಬ್ಬರು ಕೇಳಿದ್ದಾರೆ. ಅವರಿಗೆ ಬೇಕಾಗಿರುವುದು ಕಷ್ಟಪಟ್ಟು ಮೇಲೆ ಬಂದ ಕಥೆ ಇರಬೇಕು. ನಾನು ಮೇಲೆ ಬರಲಿಲ್ಲ. ಗಾಡಿಗಳ ಕೆಳಗೇ ಮಲಗಿ ಕೆಲಸ ಮುಗಿಸಿದೆ. ಅಲ್ಲಿಂದ ಕಂಡದ್ದನ್ನು ಹೇಳುತ್ತೇನೆ.

ಕುಂಬಾರಕೊಪ್ಪಲಿನ ಒಂದು ಗ್ಯಾರೇಜಿನಲ್ಲಿ ನನ್ನ ಜೀವಮಾನದ ಕೆಲಸವೆಲ್ಲ ನಡೆಯಿತು. ಸಣ್ಣ ಲಾರಿ, ಮಿನಿ ಬಸ್ಸು, ಶಾಲೆಯ ವ್ಯಾನು, ಎಲ್ಲವೂ ಡೀಸೆಲ್. ನಮ್ಮ ಕಾಲದ ಆ ಗಾಡಿಗಳ ಬ್ರೇಕು ಹೇಗೆ ಕೆಲಸ ಮಾಡುತ್ತದೆಂದು ಮೊದಲು ತಿಳಿದುಕೊಳ್ಳಿ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪೆಡಲಿನ ಮುಂದೆ ಒಂದು ದುಂಡನೆಯ ಡಬ್ಬ ಇರುತ್ತದೆ. ಅದಕ್ಕೆ ಬೂಸ್ಟರ್ ಎನ್ನುತ್ತಾರೆ. ಅದರೊಳಗಿನ ಗಾಳಿಯನ್ನು ಒಂದು ಪಂಪು ಹೀರಿ ತೆಗೆದಿರುತ್ತದೆ. ನೀವು ಪೆಡಲ್ ಒತ್ತಿದಾಗ ಹೊರಗಿನ ಗಾಳಿ ಒಳನುಗ್ಗಿ ನಿಮ್ಮ ಕಾಲಿನ ಜೊತೆಗೆ ತಾನೂ ತಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಹೀರುವ ಗುಣ ಹುಟ್ಟಿನಿಂದಲೇ ಇದೆ. ಡೀಸೆಲ್ ಎಂಜಿನ್ನಿಗೆ ಇಲ್ಲ, ಅದಕ್ಕೇ ಬೇರೆ ಪಂಪು. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಆಮೇಲೆ ಆ ಹೀರುವ ಸೆಳೆತವನ್ನು ಕೂಡಿಡುವ ಟ್ಯಾಂಕಿನಲ್ಲಿ ಉಳಿದದ್ದೇ ಗತಿ, ಒಂದೊಂದು ತುಳಿತಕ್ಕೂ ಅದು ಖರ್ಚಾಗುತ್ತದೆ. ಅದೂ ಮುಗಿದರೆ ಇಡೀ ಗಾಡಿಯನ್ನು ನಿಲ್ಲಿಸುವ ಭಾರ ನಿಮ್ಮ ಒಂದು ಕಾಲಿನ ಮೇಲೆ ಬೀಳುತ್ತದೆ. ಆಗ ಪೆಡಲು ಗಟ್ಟಿಯಾಗುತ್ತದೆ. ಅಂದರೆ ಗಟ್ಟಿ ಪೆಡಲು ಸಹಾಯ ಸತ್ತುಹೋಗಿರುವುದರ ಗುರುತು.

ನಮ್ಮ ಗ್ಯಾರೇಜಿನಲ್ಲಿ ಅದು ಕೆಲಸ ಚೆನ್ನಾಗಿ ಆಗಿರುವುದರ ಗುರುತಾಗಿತ್ತು.

ಹೆಡ್ ಮೇಸ್ತ್ರಿ ಗುರುಸಿದ್ದಪ್ಪನವರು ಗ್ಯಾರೇಜಿನಲ್ಲಿ ಪಾಲುದಾರರೂ ಹೌದು. ಬ್ರೇಕ್ ಕೆಲಸ ಮುಗಿದ ಗಾಡಿಯನ್ನು ಅವರು ಪರೀಕ್ಷಿಸುವ ಕ್ರಮವೊಂದಿತ್ತು. ಚಪ್ಪಲಿ ಕೆಳಗೆ ಬಿಟ್ಟು, ದೇವಸ್ಥಾನಕ್ಕೆ ಹೋಗುವವರಂತೆ ಕ್ಯಾಬಿನ್ ಹತ್ತಿ ಕೂರುವರು. ಎಂಜಿನ್ ಆಫ್ ಆಗಿರುತ್ತಿತ್ತು. ಬರಿಗಾಲಿನಲ್ಲಿ ಪೆಡಲನ್ನು ತುಳಿದು, ಬಿಟ್ಟು, ತುಳಿದು, ಬಿಟ್ಟು, ಕೊನೆಗೆ ಒತ್ತಿ ಹಿಡಿದು ಕಣ್ಣು ಮುಚ್ಚುವರು. ಆಮೇಲೆ, "ಕಲ್ಲು ಕಣ್ರೋ, ಕಲ್ಲು!" ಎಂದು ಇಳಿಯುವರು. ಗಾಡಿ ಹೊರಡುತ್ತಿತ್ತು. ರಸ್ತೆಗೆ ತೆಗೆದುಕೊಂಡು ಹೋಗಿ ನಿಲ್ಲಿಸಿ ನೋಡುವ ಪದ್ಧತಿ ಇರಲಿಲ್ಲ. ಎಂಜಿನ್ ಆಫ್ ಮಾಡಿ ಹಾಗೆ ತುಳಿಯುತ್ತಾ ಹೋದರೆ ಯಾವ ಗಾಡಿಯ ಪೆಡಲಾದರೂ ಕಲ್ಲಾಗಲೇಬೇಕು. ಟ್ಯಾಂಕು ಬರಿದಾದ ಮೇಲೆ ಅದಕ್ಕೆ ಬೇರೆ ದಾರಿಯೇ ಇಲ್ಲ. ಮೇಸ್ತ್ರಿಯವರು ವರ್ಷಗಟ್ಟಲೆ ಪರೀಕ್ಷಿಸಿದ್ದು ತಮ್ಮ ಕಾಲನ್ನು.

ಗಿರಾಕಿಗಳಿಗೂ ಇದೇ ಬೇಕಾಗಿತ್ತು. ಪೆಡಲು ಮೆತ್ತಗೆ ಇಳಿದರೆ, "ಏನ್ರೀ, ಬೆಣ್ಣೆ ತುಳ್ದಂಗೈತೆ" ಎಂದು ಮುಖ ಸಿಂಡರಿಸುತ್ತಿದ್ದರು. ಗಟ್ಟಿಯಾಗಿದ್ದರೆ ಸಂತೋಷ. ಗಾಡಿ ನಿಲ್ಲುತ್ತದೆಯೋ ಇಲ್ಲವೋ ಎಂಬುದು ಇಬ್ಬರಿಗೂ ಅಷ್ಟು ಮುಖ್ಯವಾಗಿರಲಿಲ್ಲ.

ಒಮ್ಮೆ ಶಾಲೆಯ ವ್ಯಾನೊಂದರಲ್ಲಿ ಪಂಪಿನಿಂದ ಬೂಸ್ಟರಿಗೆ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು. ಹೊಸದು ಸಿಗುವ ತನಕ ಇರಲಿ ಎಂದು ಮೇಸ್ತ್ರಿಯವರು ಗಿಡಕ್ಕೆ ನೀರು ಬಿಡುವ ಪೈಪನ್ನು ಕತ್ತರಿಸಿ ಹಾಕಿಸಿದರು. ಆ ಪೈಪು ಒಳಗಿನಿಂದ ತಳ್ಳುವ ನೀರನ್ನು ತಡೆಯುತ್ತದೆ. ಒಳಗಿನಿಂದ ಹೀರಿದರೆ ಚಪ್ಪಟೆಯಾಗುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಸರಿಯಿರುತ್ತಿತ್ತು. ಮಧ್ಯಾಹ್ನ ಎಂಜಿನ್ ಬಿಸಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತಿತ್ತು. ಡ್ರೈವರ್ ಬಂದು, "ಮಧ್ಯಾಹ್ನದ ಟ್ರಿಪ್ಪಲ್ಲಿ ಬ್ರೇಕು ಹಿಡಿಯಲ್ಲ ಮೇಸ್ತ್ರಿ" ಎಂದ.

"ಮುದ್ದೆ ಉಂಡು ಕೂತ್ಕತೀಯ, ಕಾಲಲ್ಲಿ ಕಸುವಿರಲ್ಲ. ಅನ್ನ ಉಣ್ಣು" ಎಂದರು ಮೇಸ್ತ್ರಿ. ಎಲ್ಲರೂ ನಕ್ಕರು. ಅವನೂ ನಕ್ಕು ಹೋದ.

ಮತ್ತೆ ಬಂದ. ನಾನು ಎಂಜಿನ್ ಬಿಸಿಯಿರುವಾಗಲೇ ಬಾನೆಟ್ ತೆಗೆದು ಚಪ್ಪಟೆಯಾದ ಪೈಪನ್ನು ತೋರಿಸಿದೆ. ಮೇಸ್ತ್ರಿಯವರು ಬಹಳ ಹೊತ್ತು ನೋಡಿದರು. ಆಮೇಲೆ ಪರಿಹಾರ ಕೊಟ್ಟರು: ಬಾನೆಟ್ಟಿಗೆ ಒಂದು ಕಡ್ಡಿ ಸಿಕ್ಕಿಸಿ ಸ್ವಲ್ಪ ತೆರೆದೇ ಓಡಿಸು, ಗಾಳಿಯಾಡುತ್ತದೆ. ಸರಿಯಾದ ಪೈಪು ಬರುವವರೆಗೆ ಮಕ್ಕಳನ್ನು ತುಂಬಿಕೊಂಡು ಆ ವ್ಯಾನು ಬಾಯಿ ತೆರೆದುಕೊಂಡೇ ಓಡಾಡಿತು.

ಸೆಳೆತ ಎಷ್ಟಿದೆಯೆಂದು ಮುಳ್ಳು ತೋರಿಸುವ ಗೇಜು ಒಂದು ಬರುತ್ತದೆ. ಅದೊಂದಿದ್ದರೆ ಊಹೆ ಬೇಕಾಗಿಲ್ಲ. ನಾನು ಕೇಳಿ ಕೇಳಿ ಕೊನೆಗೆ ತರಿಸಿದರು. ಮೇಸ್ತ್ರಿಯವರು ಅದನ್ನು ಆಫೀಸಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಬಂದವರಿಗೆ ಕಾಣಲಿ ಎಂದು. ಆಯುಧಪೂಜೆಗೆ ಅದಕ್ಕೂ ಅರಿಶಿನ, ಕುಂಕುಮ, ಹೂವು. ವರ್ಷ ವರ್ಷ ಬಳಿದ ಕುಂಕುಮಕ್ಕೆ ಗಾಜು ಕೆಂಪಾಗಿ ಮುಳ್ಳೇ ಕಾಣದಾಯಿತು. ನಾನು ಒರೆಸಲು ಹೋದರೆ, "ದೇವ್ರ ಕುಂಕುಮ ಅಳಿಸ್ತಾರೇನೋ ಸೋಮ?" ಎಂದು ಗದರಿದರು. ಗೇಜನ್ನು ಕೆಳಗಿಳಿಸಿ ಗಾಡಿಗೆ ಹಾಕಬೇಕಾದರೆ ಮೇಸ್ತ್ರಿಯವರು ಊಟಕ್ಕೆ ಹೋಗುವುದನ್ನು ಕಾಯಬೇಕಿತ್ತು.

ಈಗಿನವರಿಗೆ ಇದೆಲ್ಲ ನಗು ತರಿಸಬಹುದು. ನಗಬೇಡಿ. ಈಗ ದೊಡ್ಡ ಗಾಡಿಗಳಿಗೆಲ್ಲ ಗಾಳಿಯ ಬ್ರೇಕು ಬಂದಿದೆ, ಚಿಕ್ಕವಕ್ಕೆ ಕಂಪ್ಯೂಟರ್ ಬಂದಿದೆ. ನಾನು ಬಿಡುವ ಹೊತ್ತಿಗೆ ಸೇರಿದವರು ಪೆಡಲನ್ನು ತುಳಿಯುತ್ತಲೂ ಇರಲಿಲ್ಲ. ವೈರು ಚುಚ್ಚಿ ಪರದೆಯಲ್ಲಿ ಹಸಿರು ಬಂತೋ ಎಂದು ನೋಡುತ್ತಿದ್ದರು. ಹಸಿರು ಬಂದರೆ ಗಾಡಿ ಸರಿ, ಡ್ರೈವರ್ ಸುಳ್ಳು. ಕಲ್ಲು ಎನ್ನುತ್ತಿದ್ದ ಜಾಗದಲ್ಲಿ ಹಸಿರು ಎನ್ನುತ್ತಾರೆ, ಅಷ್ಟೇ. ಓಡುವ ಗಾಡಿಯನ್ನು ನಿಲ್ಲಿಸಿ ನೋಡುವ ಪರೀಕ್ಷೆ ಅಂದೂ ಯಾರಿಗೂ ಬೇಕಿರಲಿಲ್ಲ, ಇಂದೂ ಬೇಕಿಲ್ಲ.

ನಾನು ನಿವೃತ್ತನಾಗುವ ವರ್ಷ, ಮೊದಲಲ್ಲಿ ಹೇಳಿದ ಆ ಇಲವಾಲದ ವ್ಯಾನು ಬಂತು. ಸರಸ್ವತಿಪುರಂನಲ್ಲಿ ಟ್ರಾವೆಲ್ಸ್ ನಡೆಸುವ ರಾಜಶೇಖರ್ ಎಂಬುವವರದ್ದು. ಯಾರೋ ಓಡಿಸಿ ಸವೆಸಿದ ಹಳೆಯ ಡೀಸೆಲ್ ಮಿನಿ ಬಸ್ಸನ್ನು ಕೊಂಡು ಸೀಟುಗಳನ್ನು ಕಿತ್ತು, ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಫ್ರಿಜ್ಜು, ಬೀರು ಕೂರಿಸಿ, ಪ್ರವಾಸಕ್ಕೆ ಬಾಡಿಗೆ ಕೊಡುವ ಮನೆಗಾಡಿ ಮಾಡಿಸುತ್ತಿದ್ದರು. ಒಳ್ಳೆಯ ಮಾತುಗಾರರು, ಶುಭ್ರವಾದ ಅಂಗಿ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಅವರ ಡ್ರೈವರ್ ಜವರಪ್ಪ. ಕುಂಬಾರಕೊಪ್ಪಲಿನವನೇ, ನನಗೆ ಮೊದಲಿಂದ ಗೊತ್ತು. ಮಾತು ಕಡಿಮೆ. ಗಾಡಿಯನ್ನು ನಮ್ಮಲ್ಲಿಗೆ ತಂದವನು ಅವನೇ.

"ಸೋಮಣ್ಣ, ಮನೆ ತುಂಬಿಸ್ಬುಟ್ಟವ್ರೆ, ಬ್ರೇಕ್ ಮಾತ್ರ ಹಳೇದೇ. ಬೆಟ್ಟ ಇಳೀವಾಗ ಜೀವ ಕೈಲಿ ಹಿಡ್ಕಂಡ್ ಬಂದೆ. ಏನಾರ ಮಾಡು."

ಅವನು ಹೇಳಿದ್ದು ಸರಿಯಾಗಿತ್ತು. ಭಾರ ಹೆಚ್ಚಿತ್ತು, ಬ್ರೇಕು ಹಳೆಯ ಭಾರಕ್ಕೆ ಮಾಡಿದ್ದು. ಏನು ಮಾಡಿದೆ ಎಂದು ಹೇಳುತ್ತೇನೆ, ಏಕೆಂದರೆ ಇಂಥ ಗಾಡಿಗಳು ನಿಮ್ಮಲ್ಲಿಗೂ ಬರುತ್ತವೆ. ಮೊದಲು ಚಕ್ರಗಳನ್ನು ಬಿಚ್ಚಿ, ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನರ್, ಡ್ರಮ್ಮು, ಸಿಲಿಂಡರ್ ರಬ್ಬರುಗಳನ್ನು ಸರಿಮಾಡಿದೆ. ಸವೆದ ಲೈನರ್ ಮೇಲೆ ಎಷ್ಟು ದೊಡ್ಡ ಬೂಸ್ಟರ್ ಇಟ್ಟರೂ ವ್ಯರ್ಥ. ಆಮೇಲೆ ಸೆಳೆತ ಬಿದ್ದುಹೋಗಿದ್ದ ಪಂಪನ್ನು ಬದಲಿಸಿದೆ, ಅದಕ್ಕೆ ಹೋಗುವ ಆಯಿಲ್ ಪೈಪು ಕಟ್ಟಿಕೊಂಡಿತ್ತು, ಬಿಡಿಸಿದೆ. ಗಟ್ಟಿ ಗೋಡೆಯ ಹೊಸ ಪೈಪು. ಅದೇ ಮಾದರಿಯ ಭಾರದ ಗಾಡಿಗೆ ಬರುವ ದೊಡ್ಡ ಬೂಸ್ಟರ್. ಸೆಳೆತವನ್ನು ಕೂಡಿಡುವ ಟ್ಯಾಂಕನ್ನೂ ದೊಡ್ಡದು ಮಾಡಿ, ಒಳಗಿನದು ಹಿಂದಕ್ಕೆ ಸೋರದಂತೆ ಹೊಸ ವಾಲ್ವು ಹಾಕಿದೆ. ಎಂಜಿನ್ ಅಕಸ್ಮಾತ್ ನಿಂತರೂ ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸುವಷ್ಟು ಸಹಾಯ ಆ ಟ್ಯಾಂಕಿನಲ್ಲಿ ಉಳಿಯುತ್ತಿತ್ತು. ಕಾಲಿನ ಒತ್ತಡವನ್ನು ಬ್ರೇಕ್ ಎಣ್ಣೆಯ ಮೂಲಕ ಚಕ್ರಗಳಿಗೆ ಕಳಿಸುವ ಮಾಸ್ಟರ್ ಸಿಲಿಂಡರನ್ನು ಮುಟ್ಟಲಿಲ್ಲ. ಅದರ ಅಳತೆ ಸರಿಯಾಗಿತ್ತು.

ಪರೀಕ್ಷೆ ಮಾಡುವುದು ಹೀಗೆ. ಎಂಜಿನ್ ಆಫ್ ಮಾಡಿ ಪೆಡಲು ಗಟ್ಟಿಯಾಗುವ ತನಕ ತುಳಿಯಿರಿ. ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲು ಕಾಲಿನ ಕೆಳಗೆ ತಾನಾಗಿ ಸ್ವಲ್ಪ ಇಳಿಯಬೇಕು. ಇಳಿದರೆ ಬೂಸ್ಟರ್ ಬದುಕಿದೆ. ಆಮೇಲೆ ಭಾರ ತುಂಬಿ ರಸ್ತೆಗೆ ಹೋಗಿ ನಿಲ್ಲಿಸಿ ನೋಡಿ. ಜವರಪ್ಪನೂ ನಾನೂ ಹಾಗೇ ಮಾಡಿದೆವು. ಇಳಿಜಾರಿನಲ್ಲಿ ನಿಲ್ಲಿಸಿ ಅವನು ನನ್ನ ಕಡೆ ನೋಡಿ, "ಹೂವಿನಂಗ್ ನಿಲ್ತು ಕಣಣ್ಣ" ಎಂದ. ನನ್ನ ಕೆಲಸಕ್ಕೆ ಸಿಕ್ಕ ಹೊಗಳಿಕೆಗಳಲ್ಲಿ ಅದೇ ದೊಡ್ಡದು.

ರಾಜಶೇಖರ್ ಅವರಿಗೆ ಸಮಾಧಾನವಾಗಲಿಲ್ಲ. "ಎಲ್ಲಾ ಸರಿ ಸೋಮಣ್ಣೋರೇ, ಪೆಡಲ್ ಯಾಕೆ ಇಷ್ಟು ಮೆತ್ತಗಿದೆ? ಇಷ್ಟೆಲ್ಲ ಮಾಡ್ಸಿದ ಮೇಲೆ ಗಟ್ಟಿ ಬರಬೇಕಿತ್ತಲ್ವೇ?" ಎಂದರು. ವಿವರಿಸಿದೆ. ತಲೆಯಾಡಿಸಿದರು. ತಲೆಯಾಡಿಸುವುದನ್ನು ನಾನು ಒಪ್ಪಿಗೆ ಎಂದುಕೊಂಡೆ.

ನಾನು ನಿವೃತ್ತನಾದ ಮೇಲೆ ಅವರು ಗಾಡಿಯನ್ನು ಮತ್ತೆ ಗುರುಸಿದ್ದಪ್ಪನವರ ಬಳಿಗೆ ತಂದರು. ಮೇಸ್ತ್ರಿಯವರು ಲಾರಿಯ ದಪ್ಪ ಮಾಸ್ಟರ್ ಸಿಲಿಂಡರನ್ನು ತೆಗೆದು ಅದಕ್ಕೆ ಕೂರಿಸಿದರು. ಪೆಡಲು ಕೂಡಲೇ ಗಟ್ಟಿಯಾಯಿತು, ಸ್ವಲ್ಪವೇ ಇಳಿಯತೊಡಗಿತು. ಇಬ್ಬರಿಗೂ ಆನಂದ. ಆಗಿದ್ದೇನೆಂದರೆ, ಸಿಲಿಂಡರ್ ದಪ್ಪವಾದಷ್ಟೂ ಅದೇ ಒತ್ತಡ ಹುಟ್ಟಿಸಲು ಕಾಲು ಹೆಚ್ಚು ತುಳಿಯಬೇಕು. ಬೂಸ್ಟರ್ ಬದುಕಿರುವಾಗ ಇದು ಗೊತ್ತಾಗುವುದಿಲ್ಲ. ಅದು ಸತ್ತ ದಿನ ಗೊತ್ತಾಗುತ್ತದೆ. ಅಲ್ಲಿಂದ ಗಾಡಿ ಬಾಡಿ ಕಟ್ಟುವವರ ಬಳಿಗೆ ಹೋಯಿತು. ಅವರು ನೆಲ ಎತ್ತರಿಸಿ ಇನ್ನೊಂದು ಬೀರು ಕೂರಿಸಿದರು. ಹ್ಯಾಂಡ್ ಬ್ರೇಕಿನ ಲಿವರ್ ಮೇಲೆತ್ತಿದರೆ ಅರ್ಧಕ್ಕೇ ಬೀರಿನ ಅಂಚಿಗೆ ಬಡಿಯುತ್ತಿತ್ತು. ಇದನ್ನು ನಾನು ಆಮೇಲೆ ಕಣ್ಣಾರೆ ನೋಡಿದೆ. ಲಿವರ್ ಬಡಿದು ಬೀರಿಗೆ ಗೀರು ಬಿದ್ದೀತೆಂದು ಅಲ್ಲಿ ಒಂದು ತುಂಡು ಸ್ಪಂಜು ಅಂಟಿಸಿದ್ದರು. ಗಾಡಿ ನಿಲ್ಲಬೇಕೆಂಬ ಕಾಳಜಿಗಿಂತ ಪಾಲಿಶ್ ಮೇಲಿನ ಕಾಳಜಿ ಎಷ್ಟು ಹೆಚ್ಚಿತ್ತೆಂದು ಅಳೆಯಲು ಆ ಸ್ಪಂಜು ಸಾಕು.

ಇನ್ನು ಆ ಬೆಳಿಗ್ಗೆ.

ಇಲವಾಲದಲ್ಲಿ ನನ್ನ ತಂಗಿಯ ಮನೆಯಿದೆ. ಹಿಂದಿನ ದಿನ ಹೋಗಿ ಅಲ್ಲೇ ಉಳಿದಿದ್ದೆ. ಟೀ ಕುಡಿಯಲೆಂದು ರಸ್ತೆಗೆ ಬಂದಾಗ ಕವಲಿನಲ್ಲಿ ಆ ವ್ಯಾನು ನಿಂತಿತ್ತು, ಹೊಸ ಬಣ್ಣ, ಮುಂದೆ ಚೆಂಡು ಹೂವಿನ ಹಾರ. ರಾಜಶೇಖರ್ ಅವರ ಮನೆಯವರೆಲ್ಲ ಮೊದಲ ಪ್ರಯಾಣ ಹೊರಟು ಟೀಗೆಂದು ಇಳಿದಿದ್ದರು. ಗಾಡಿಯ ಮೂತಿ ಇಳಿಜಾರಿನ ಕಡೆಗಿತ್ತು, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟಿತ್ತು. ಹಳೆಯ ಡೀಸೆಲ್ ಗಾಡಿಯವರಿಗೆ ಈ ಅಭ್ಯಾಸವಿದೆ. ಬ್ಯಾಟರಿ ಕೈಕೊಟ್ಟರೆ ಇಳಿಜಾರಿನಲ್ಲಿ ಉರುಳಲು ಬಿಟ್ಟು, ಗೇರಿಗೆ ಹಾಕಿ ಸ್ಟಾರ್ಟ್ ಮಾಡಬಹುದೆಂದು. ಎಂಜಿನ್ ಆಫ್ ಆಗಿತ್ತು. ಒಳಗೆ ಫ್ರಿಜ್ಜು, ದೀಪ, ಹಾಡು ಎಲ್ಲ ಅದೇ ಬ್ಯಾಟರಿಯಲ್ಲಿ ನಡೆಯುತ್ತಿದ್ದವು.

ರಾಜಶೇಖರ್ ಅವರು ಪಕ್ಕದ ಬಾಗಿಲ ಬಳಿ ನಿಂತು ನಾಲ್ಕು ಜನಕ್ಕೆ ಏನನ್ನೋ ತೋರಿಸುತ್ತಿದ್ದರು. ಬಾಗಿಲ ಕೆಳಗೆ ಒಂದು ಮೆಟ್ಟಿಲು. ಗುಂಡಿ ಒತ್ತಿದರೆ ಉಸ್ಸೆಂದು ಸದ್ದು ಮಾಡಿ ಒಳಗೆ ಹೋಗುತ್ತಿತ್ತು. ಬಿಟ್ಟರೆ ಸ್ಪ್ರಿಂಗಿಗೆ ಹೊರಗೆ ಬರುತ್ತಿತ್ತು.

"ನೋಡಿ, ನೋಡಿ. ಇಂಥದ್ದು ಮೈಸೂರಲ್ಲಿ ಯಾವ ಗಾಡಿಗೂ ಇಲ್ಲ."

ಕವಲಿನ ಕೆಳಗೆ ಎಳನೀರು ಮಾರುವ ನಾಗಮ್ಮ ಟೀಗೆಂದು ಮೇಲೆ ಬಂದಿದ್ದರು. ಸೆರಗಿನಲ್ಲಿ ಲೋಟ ಹಿಡಿದುಕೊಂಡು, "ಅಯ್ಯೋ ಶಿವನೇ, ನಾಲ್ಗೆ ಎಳ್ಕಂಡಂಗ್ ಎಳ್ಕತದಲ್ಲಪ್ಪ! ಇನ್ನೊಂದ್ಸಲ ಮಾಡಿ ಬುದ್ಧಿ" ಎಂದರು.

ಇನ್ನೊಂದು ಸಲ ಮಾಡಿದರು. ಟೀ ಅಂಗಡಿಯವರು ಬಂದರು, ಅವರಿಗೂ ಮಾಡಿ ತೋರಿಸಿದರು. ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದವರು ನಿಂತರು, ಅವರಿಗೂ. ಸದ್ದು ಸಲಸಲಕ್ಕೂ ಕ್ಷೀಣವಾಗುತ್ತಿತ್ತು. ಕೊನೆಗೆ ಮೆಟ್ಟಿಲು ಅರ್ಧ ಒಳಗೆ ಹೋಗಿ ನಿಂತಿತು.

"ಸುಸ್ತಾಯ್ತು ಪಾಪ" ಎಂದರು ನಾಗಮ್ಮ. ಎಲ್ಲರೂ ನಕ್ಕರು. ನಾಗಮ್ಮ ಲೋಟ ಹಿಡಿದುಕೊಂಡೇ ಇಳಿದು ತಮ್ಮ ಎಳನೀರಿನ ರಾಶಿಯ ಬಳಿ ಹೋದರು.

ರಾಜಶೇಖರ್ ಅವರು ನನ್ನನ್ನು ನೋಡಿದ್ದು ಆಗ. ಬಹಳ ಸಂತೋಷಪಟ್ಟರು. ಬಾಡಿ ಕಟ್ಟುವವರ ಬುದ್ಧಿವಂತಿಕೆಯನ್ನು ಹೊಗಳುತ್ತಾ ನನ್ನ ಜೊತೆ ವ್ಯಾನಿನ ಹಿಂದಕ್ಕೆ ಬಂದರು. ಅಷ್ಟರಲ್ಲಿ ಜವರಪ್ಪ ಹತ್ತಿ ಕೂತು ಕೀ ತಿರುಗಿಸಿದ. ಎಂಜಿನ್ ಒಮ್ಮೆ ಮುಲುಗಿ ಸುಮ್ಮನಾಯಿತು. ಬ್ಯಾಟರಿ ಇಳಿದಿತ್ತು, ದೀಪಗಳಿಗಷ್ಟೇ ಸಾಲುವಂತಿತ್ತು.

"ಇಳಿಜಾರೈತಲ್ಲ, ಬುಡು ಜವರಪ್ಪ" ಎಂದು ಯಾರೋ ಕೂಗಿದರು. ಯಾರೆಂದು ನಾನು ನೋಡಲಿಲ್ಲ, ಆದ್ದರಿಂದ ಹೆಸರು ಹೇಳುವುದಿಲ್ಲ. ಟೀ ಅಂಗಡಿಯವರು ಕಲ್ಲು ತೆಗೆಯಲು ಬಗ್ಗಿದರು.

ನಾನು ಕೇಳುತ್ತಿದ್ದೆ: "ಆ ಮೆಟ್ಟಿಲು ಯಾವುದರಿಂದ ನಡೀತದೆ ಸಾರ್?"

"ನಿಮ್ಮದೇ ಟ್ಯಾಂಕಿಂದ ಸೋಮಣ್ಣೋರೇ! ಅಷ್ಟು ದೊಡ್ಡ ಟ್ಯಾಂಕು ಸುಮ್ನೆ ಕೂತಿತ್ತಲ್ಲ, ಅದರಿಂದ ಒಂದು ಪೈಪ್ ಎಳ್ಕೊಂಡ್ರು."

ಆ ಮಾತು ಕಿವಿಗೆ ಬಿದ್ದು, ತಲೆಗೆ ಹೋಗಿ, ಬ್ರೇಕಿನ ಸೆಳೆತವೆಲ್ಲ ಮೆಟ್ಟಿಲಾಟದಲ್ಲಿ ಖಾಲಿಯಾಗಿದೆ ಎಂದು ಅರ್ಥವಾಗುವಷ್ಟರಲ್ಲಿ ಕಲ್ಲು ತೆಗೆದಾಗಿತ್ತು, ಗಾಡಿ ಕದಲಿತ್ತು. ನಾನು ಕೂಗಿದೆ. ಏನು ಕೂಗಿದೆನೋ ತಿಳಿಯದು. ಕ್ಲಚ್ ಬಿಟ್ಟಾಗ ಗಾಡಿ ಒಮ್ಮೆ ಜಗ್ಗಿತು, ಕಟಕ್ಕೆಂದು ಗೇರು ಕಳಚಿಕೊಂಡ ಸದ್ದು ಬಂತು, ಎಂಜಿನ್ ಹಿಡಿಯಲಿಲ್ಲ. ಕೆಂಪು ದೀಪಗಳು ಹತ್ತಿದವು. ಗಾಡಿಯ ವೇಗ ಸ್ವಲ್ಪ ತಗ್ಗಿದಂತೆ ಕಂಡಿತು, ನಿಲ್ಲಲಿಲ್ಲ. ಇಳಿಜಾರಿನ ಕೊನೆಯಲ್ಲಿ ಹಾಲಿನ ಡೈರಿ. ಅದರ ಮುಂದೆ ಕ್ಯಾನುಗಳೊಂದಿಗೆ ಹೆಂಗಸರ ಸಾಲು. ಎಂಜಿನ್ ಸದ್ದಿಲ್ಲದೆ ಬರುತ್ತಿದ್ದ ಗಾಡಿ ಅವರಿಗೆ ಕೇಳಿಸಲೇ ಇಲ್ಲ. ಡೈರಿಗಿಂತ ಮುಂಚೆ ಬಲಕ್ಕೆ ಒಂದು ಕಲ್ಲಿನ ಕಾಂಪೌಂಡು. ವ್ಯಾನು ಅಲ್ಲಿ ಬಲಕ್ಕೆ ತಿರುಗಿತು. ತಾನಾಗಿ ತಿರುಗಲಿಲ್ಲ. ಅಷ್ಟು ಭಾರದ ಗಾಡಿಯ ಸ್ಟೀರಿಂಗನ್ನು ತಿರುಗಿಸಿದವನೊಬ್ಬನಿದ್ದ.

ಗೋಡೆ ಬಿತ್ತು. ಜವರಪ್ಪನ ಬಲಗಾಲಿನ ಪಾದ, ಮೊಣಕಾಲು ಎರಡೂ ಮುರಿದವು. ಬೇರೆ ಯಾರಿಗೂ ಒಂದು ಗೀರೂ ಆಗಲಿಲ್ಲ.

ಅವನಿನ್ನೂ ಆಸ್ಪತ್ರೆಯಲ್ಲಿರುವಾಗಲೇ ಗಾಡಿಯ ತಪಾಸಣೆ ನಡೆಯಿತು. ತಪ್ಪು ಗಾಡಿಯದೆಂದಾದರೆ ಅದನ್ನು ಇನ್ನು ಯಾರು ಬಾಡಿಗೆಗೆ ಹಿಡಿಯುತ್ತಾರೆ ಎಂಬ ಚಿಂತೆ ರಾಜಶೇಖರ್ ಅವರದು. ತಜ್ಞರಾಗಿ ಗುರುಸಿದ್ದಪ್ಪನವರನ್ನೇ ಕರೆಸಿದರು. ನಾನು ಕರೆಯದೆ ಹೋದೆ. ಗಾಡಿಯ ಮೂತಿ ಜಜ್ಜಿಹೋಗಿತ್ತು, ಎಂಜಿನ್ ಓಡಿಸುವ ಹಾಗಿರಲಿಲ್ಲ. ನೋಡಲು ಬಂದಿದ್ದ ಅಧಿಕಾರಿಯೊಬ್ಬರ ಎದುರಿಗೆ ಮೇಸ್ತ್ರಿಯವರು ಚಪ್ಪಲಿ ಬಿಟ್ಟರು, ಕ್ಯಾಬಿನ್ ಹತ್ತಿದರು, ಪೆಡಲು ತುಳಿದರು, ಕಣ್ಣು ಮುಚ್ಚಿದರು.

"ಕಲ್ಲು ಸಾರ್. ಇಷ್ಟು ಗಟ್ಟಿ ಬ್ರೇಕ್ ಇಟ್ಕಂಡು ಗಾಡಿ ನಿಲ್ಲಲಿಲ್ಲ ಅಂದ್ರೆ, ಅವ್ನು ಒತ್ತಿಲ್ಲ ಅಂತಾನೇ ಅರ್ಥ."

ಅಧಿಕಾರಿಯೂ ಬೂಟುಗಾಲನ್ನು ಚಾಚಿ ಒಮ್ಮೆ ಒತ್ತಿ ನೋಡಿ, "ಹೂಂ, ಗಟ್ಟಿಯಾಗೇ ಇದೆ" ಎಂದರು.

ನಾನು ಹೇಳಿದೆ, ದೀಪ ಉರಿಯುತ್ತಿತ್ತೆಂದು.

"ಗುದ್ದಿದ ಏಟಿಗೆ ಸ್ವಿಚ್ಚು ಕೂಡ್ಕಂಡಿರ್ತದೆ ಕಣೋ" ಎಂದರು ಮೇಸ್ತ್ರಿ.

"ಗುದ್ದೋಕ್ ಮುಂಚೇನೇ ಹತ್ತಿತ್ತು ಮೇಸ್ತ್ರಿ. ನಾನು ಹಿಂದೇನೇ ನಿಂತಿದ್ದೆ."

"ಹಿಂದೆ ನಿಂತೋನಿಗೆ ಮುಂದೆ ಕೂತೋನ್ ಕಾಲು ಕಾಣ್ತದೇನೋ? ಅದೂ ಮಂಜಲ್ಲಿ. ಅದೂ ಕಣ್ಣಿನ ಪೊರೆ ತೆಗ್ಸಿರೋನು ನೀನು."

"ಪೊರೆ ತೆಗ್ಸಿದ್ಮೇಲೆ ಚೆನ್ನಾಗ್ ಕಾಣ್ತದೆ. ನಿಮ್ದೂ ತೆಗ್ಸಿ."

ಇದಕ್ಕೆ ಅಧಿಕಾರಿಯೂ ಸೇರಿ ಎಲ್ಲರೂ ನಕ್ಕರು. ನಗು ಬಂದ ಮೇಲೆ ವಿಷಯ ಮುಗಿದಂತೆ ನಮ್ಮಲ್ಲಿ. ಮೆಟ್ಟಿಲಿನ ಪೈಪು ಟ್ಯಾಂಕಿಗೆ ಸೇರಿದ್ದನ್ನು ಬಗ್ಗಿ ನೋಡಿ ಎಂದು ಆದರೂ ನಾನು ಹೇಳಿದೆ. ಅಲ್ಲಿ ಗ್ರೀಸು, ಮಣ್ಣು ಇತ್ತು. ಯಾರೂ ಬಗ್ಗಲಿಲ್ಲ. ಪಾದ ಹೇಗೆ ಮುರಿಯಿತು, ಪೆಡಲಿನ ಮೇಲೆ ಇಲ್ಲದ ಪಾದ ಹಾಗೆ ಮುರಿಯುತ್ತದೆಯೇ ಎಂದು ಆಸ್ಪತ್ರೆಯವರನ್ನು ಕೇಳಿದವರೂ ಇಲ್ಲ. ರಾಜಶೇಖರ್ ಅವರತ್ತ ತಿರುಗಿ, "ಸಾರ್, ನನ್ನ ಪಕ್ಕದಲ್ಲೇ ನಿಂತಿದ್ರಿ. ದೀಪ ನೋಡ್ಲಿಲ್ವಾ?" ಎಂದು ಕೇಳಿದೆ. ಅವರು ಬಹಳ ಸೌಜನ್ಯದಿಂದ, "ಗಾಬರೀಲಿ ಯಾವುದು ನೋಡಿದ್ವಿ, ಯಾವುದು ಬಿಟ್ವಿ ಹೇಳೋಕಾಗುತ್ಯೇ ಸೋಮಣ್ಣೋರೇ" ಎಂದರು. ಆ ಸೌಜನ್ಯವನ್ನು ನಾನು ಕ್ಷಮಿಸಿಲ್ಲ.

ಜವರಪ್ಪನ ಲೈಸೆನ್ಸ್ ಹೋಯಿತು. ಬ್ರೇಕ್ ಒತ್ತದ ಡ್ರೈವರ್ ಎಂಬ ಹೆಸರು ಕುಂಬಾರಕೊಪ್ಪಲು ಸ್ಟ್ಯಾಂಡಿನಲ್ಲಿ ನಿಂತುಬಿಟ್ಟಿತು. ಅವನು ಕುಂಟುತ್ತಾ ಹೋದರೆ, "ಬಲಗಾಲು ಅದ್ಯಾಕೆ ನೋವು, ಅದನ್ನ ಉಪಯೋಗಿಸ್ಲೇ ಇಲ್ವಲ್ಲ" ಎಂದು ಹಿಂದಿನಿಂದ ಅಂದವರು ಅವನ ಜೊತೆಗೇ ವರ್ಷಗಟ್ಟಲೆ ಗಾಡಿ ಓಡಿಸಿದವರು. ಈಗ ಅವನು ಒಂದು ಕಲ್ಯಾಣ ಮಂಟಪದ ಮುಂದೆ ಸೀಟಿ ಊದಿ ಕಾರುಗಳನ್ನು ನಿಲ್ಲಿಸುವ ಕೆಲಸ ಮಾಡುತ್ತಾನೆ. ಅಲ್ಲಿಗೆ ಬರುವ ಡ್ರೈವರುಗಳಿಗೆ ಅವನು ಯಾರೆಂದು ಗೊತ್ತು.

ಈ ಬರಹ ಶುರುಮಾಡುವ ಮುಂಚೆ ಅವನನ್ನು ನೋಡಲು ಹೋಗಿದ್ದೆ. ಮದುವೆ ಊಟ ನಡೆಯುತ್ತಿತ್ತು, ಅವನು ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ಬಹಳ ಹೊತ್ತು ಬೇರೆ ಮಾತಾಡಿದೆವು. ಆಮೇಲೆ ನೆಲ ನೋಡುತ್ತಾ ಕೇಳಿದ:

"ಸೋಮಣ್ಣ, ನಿಜ ಹೇಳು. ನಾನು ಒತ್ತಿದ್ನಾ?"

"ಇದೇನೋ ಇದು! ಒತ್ತಿದೋನು ನೀನು."

"ಒತ್ತಿದ್ದೆ ಅನ್ಕಂಡಿದ್ದೆ. ಎಲ್ರೂ ಒತ್ಲಿಲ್ಲ ಅಂತಾರೆ. ಹೆಂಡ್ರೂ ಒಂದಿನ ಕೇಳುದ್ಲು. ಈಗೀಗ ಮಲಗ್ದಾಗ ನಂಗೇ ಹಂಗನ್ನಿಸ್ತದೆ, ಗಾಬ್ರೀಲಿ ಕ್ಲಚ್ ಏನಾರ ತುಳ್ದ್ನೇನೋ ಅಂತ."

ಗಟ್ಟಿ ಪೆಡಲನ್ನು ಹೊಗಳಿದವರು ಈ ಮನುಷ್ಯನ ಕಾಲನ್ನು ಮುರಿದದ್ದಲ್ಲದೆ, ಆ ಕಾಲು ಏನು ಮಾಡಿತೆಂಬುದನ್ನೂ ಅವನಿಂದ ಕಿತ್ತುಕೊಂಡಿದ್ದಾರೆ. ಬ್ರೇಕ್ ಕೆಲಸಕ್ಕೆ ಬರುವವರು ಇದನ್ನು ತಿಳಿದುಕೊಂಡು ಬನ್ನಿ. ಗಾಡಿಯನ್ನು ನಿಲ್ಲಿಸಿ ನೋಡದೆ ಹೊರಗೆ ಕಳಿಸಿದರೆ ಅದು ಎಲ್ಲಿ ಹೋಗಿ ನಿಲ್ಲುತ್ತದೆಂದು ನಿಮಗೆ ಗೊತ್ತಾಗುವುದಿಲ್ಲ.

ನಾನು ಕಂಡದ್ದನ್ನು ಅವನಿಗೆ ಹೇಳಿದೆ. ದೀಪದ ಮಾತನ್ನು ಅವನು ಮೊದಲೂ ಕೇಳಿದ್ದಾನೆ. ಸ್ನೇಹಿತ ಎಂದು ಹೇಳುತ್ತಿದ್ದಾನೆ ಎಂಬಂತೆ ತಲೆಯಾಡಿಸಿದ. ಹಿಂದೆ ನಿಂತವನಿಗೆ ದೀಪ ಕಂಡಿತು, ಕಾಲು ಕಾಣಲಿಲ್ಲ ಎನ್ನುವುದು ನಿಜವೇ. ಆದ್ದರಿಂದ ಮರುದಿನ ಇಲವಾಲಕ್ಕೆ ಹೋಗಿ ನಾಗಮ್ಮನನ್ನು ಕಂಡೆ. ಆ ಬೆಳಿಗ್ಗೆ ಅವರು ತಮ್ಮ ರಾಶಿಯ ಬಳಿ, ಇಳಿದು ಬರುತ್ತಿದ್ದ ಗಾಡಿಯ ಎದುರಿಗೆ ನಿಂತಿದ್ದರು. ಇಲ್ಲಿಯವರೆಗೆ ಅವರನ್ನು ಒಬ್ಬರೂ ಏನೂ ಕೇಳಿರಲಿಲ್ಲ.

"ಕಾಣ್ದೇ ಏನಪ್ಪ, ಗಾಜಿಗ್ ಮೂತಿ ಕೊಟ್ಕಂಡ್ ಬತ್ತಿದ್ನಲ್ಲ. ಸೀಟ್ ಮ್ಯಾಲ್ ಕುಂತಿರ್ನಿಲ್ಲ ಅವ್ನು. ಎದ್ ನಿಂತ್ಬುಟ್ಟಿದ್ದ. ಎಲ್ಡು ಕೈಲೂ ಚಕ್ರ ಹಿಡ್ಕಂಡು, ಮೈ ಭಾರ್ವೆಲ್ಲ ಬಲಗಾಲ್ ಮ್ಯಾಲೇ ಹಾಕಿ ಒಂದೇ ಸಮ ಅದುಮ್ತಿದ್ದ, ಹಲ್ ಕಚ್ಕಂಡು. ಡೈರಿ ಕಡೆ ನೋಡ್ದ. ಆಮೇಕೆ ಗ್ವಾಡೆ ಕಡೆ ತಿರುಗ್ಸ್ದ."

ದೀಪವನ್ನೋ ಡ್ರೈವರನ್ನೋ ನೋಡಬಲ್ಲ ಜಾಗದಲ್ಲಿ ನಿಂತಿದ್ದರೆಂದು ನಾನು ಖಂಡಿತ ಹೇಳಬಲ್ಲವರಲ್ಲಿ ಟೀ ಅಂಗಡಿಯವರು ತೀರಿಕೊಂಡಿದ್ದಾರೆ. ಉಳಿದವರು ಮೂವರು. ಹಿಂದಿನಿಂದ ನೋಡಿದ ನಾನು. ನನ್ನ ಪಕ್ಕದಲ್ಲಿ ನಿಂತು ನೋಡಿದ ರಾಜಶೇಖರ್ ಅವರು, ಸರಸ್ವತಿಪುರಂನಲ್ಲಿ ಆರೋಗ್ಯವಾಗಿದ್ದಾರೆ. ಎದುರಿನಿಂದ ನೋಡಿದ ನಾಗಮ್ಮ, ಇಲವಾಲದ ಅದೇ ಕವಲಿನ ಕೆಳಗೆ ಬೆಳಗಿನ ಹೊತ್ತು ಸಿಗುತ್ತಾರೆ. ಬರುವ ಸೋಮವಾರ ಮಂಟಪದಲ್ಲಿ ಮದುವೆಯಿಲ್ಲ. ಜವರಪ್ಪನನ್ನು ಬಸ್ಸಿನಲ್ಲಿ ನಾಗಮ್ಮನ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.